ಅಕ್ಕನ ಹಾಡು, ಬದನೆ ಹೂವು

ನಾನು ಚಿಕ್ಕವನಿದ್ದಾಗ ಬಾಳೂರಿನ ಸುತ್ತಮುತ್ತ ಬದನೆ ಗಿಡಕ್ಕೆ ಸೊಳ್ಳೆಪರದೆ ಕಟ್ಟಿದ ಮನೆ ನಮ್ಮದೊಂದೇ ಇತ್ತು. ತೊಂಬತ್ತರ ದಶಕದ ಮಾತು. ಮಕ್ಕಳೇ, ನನ್ನ ತಲೆಯಲ್ಲಿ ಇನ್ನೂ ಕರಿಕೂದಲಿದೆ. ಆದರೂ ನೀವು ನನ್ನ ಅಕ್ಕನ ಮೊಮ್ಮಕ್ಕಳಾದ್ದರಿಂದ ನಾನೂ ಅಜ್ಜನೇ, ನನ್ನ ಕಥೆ ಕೇಳಲೇಬೇಕು.

ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ತೀರಿಹೋದ ಅಜ್ಜಿ ಬೂದಿಯಲ್ಲಿ ಹೊರಳಿಸಿ ಇಟ್ಟಿದ್ದ ಬದನೆ ಬೀಜವನ್ನು ಅಕ್ಕ ಹಿತ್ತಲಲ್ಲಿ ಬಿತ್ತಿದ್ದಳು. ಸುಟ್ಟರೆ ಬೆಣ್ಣೆಯಂತೆ ಕರಗುವ ಆ ಬದನೆ ಊರಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ. ಕೋಳಿಗಳು ಸಸಿಗಳನ್ನೆಲ್ಲ ಕೆದಕಿ ಹಾಕಿ ಒಂದೇ ಒಂದು ಗಿಡ ಉಳಿಯಿತು. ಅದರಲ್ಲಿ ಒಂದಾದರೂ ಕಾಯಿ ಹಣ್ಣಾಗದಿದ್ದರೆ ಅಜ್ಜಿಯ ಬೀಜ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೇ ಆ ಪರದೆ.

ಗಿಡದ ತುಂಬ ನೇರಳೆ ಹೂ ಬಂತು. ಬಂದದ್ದೆಲ್ಲ ಉದುರಿತು. ಹಾಡು ಕೇಳಿದರೆ ಗಿಡಗಳು ಚೆನ್ನಾಗಿ ಫಲ ಬಿಡುತ್ತವೆಂದು ಅಕ್ಕನಿಗೆ ಯಾರೋ ಹೇಳಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವಳು ಅಪ್ಪನ ಟೇಪ್‌ರೆಕಾರ್ಡರನ್ನು ಪರದೆಯೊಳಗಿಟ್ಟು ಹಾಡು ಹಾಕಿದಳು. ಸೆಲ್ ಮುಗಿದ ಮೇಲೆ ತಾನೇ ಹಾಡಿದಳು. ಅಂಗಳದಲ್ಲಿ ಕಾಫಿ ಹಣ್ಣು ಒಣಗುವ ಹುಳಿವಾಸನೆ, ಒಳಗಿಂದ ಅಕ್ಕಿರೊಟ್ಟಿಯ ಘಮ, ನಡುವೆ ಅಕ್ಕನ ಅಪಸ್ವರ. ಕೋಳಿಗಳೇನೋ ದೂರ ಓಡಿದವು. ಆದರೆ ಅವಳ ಕಣ್ಣೆದುರೇ ಇನ್ನೊಂದು ಹೂ ಕಳಚಿ ಬಿತ್ತು. ಅಕ್ಕನ ಕಣ್ಣು ತುಂಬಿತು, ನನಗೂ ಅಳು ಬಂತು.

ಬಿದ್ದ ಹೂವನ್ನು ಹೆಕ್ಕಲು ನಾನು ಕೈ ಚಾಚಿದ್ದೆ. ಆಗಲೇ ಪರದೆಯ ಹರಕಿನಿಂದ ಕಪ್ಪು ದುಂಬಿಯೊಂದು ಒಳಗೆ ನುಗ್ಗಿತು. ಮನೆಯ ಮಾಡಿನ ಮರಕ್ಕೆ ತೂತು ಕೊರೆಯುತ್ತದೆಂದು ಅಮ್ಮ ಪೊರಕೆ ಹಿಡಿದು ಓಡಿಸುತ್ತಿದ್ದ ಜಾತಿಯದೇ ಅದು. ಒಂದು ಹೂವಿಗೆ ಜೋತುಬಿದ್ದು, ಗುಂಯ್ ಎಂದು ಮೈಯೆಲ್ಲ ನಡುಗಿಸಿತು. ಹೂವಿನ ಹಳದಿ ಕೊಳವೆಗಳ ತುದಿಯಿಂದ ಪರಾಗ ಹಿಟ್ಟಿನಂತೆ ಉದುರಿ ನನ್ನ ಅಂಗೈಗೆ ಬಿತ್ತು. ಅಷ್ಟೊಂದು ಹಾಡಿಗೆ ಜಪ್ಪಯ್ಯ ಅಂದರೂ ಬಾಯಿ ಬಿಡದ ಹೂವು ಆ ಒಂದು ಗುಂಯ್‌ಗೆ ಬಾಯಿ ಬಿಟ್ಟಿತ್ತು.

ಅಪ್ಪ ಬಗ್ಗಿ ನೋಡಿದರು. "ಅದಕ್ಕೆ ನಿನ್ನ ಹಾಡು ಬ್ಯಾಡ ಮಾರಾಯ್ತಿ, ಈ ದುಂಬಿ ಸದ್ದು ಬೇಕು. ನಾವು ಅದನ್ನೇ ಹೊರಗಿಟ್ಟಿದ್ವಿ ನೋಡು," ಎಂದರು.

ಅಕ್ಕ ಹೆದರುತ್ತಲೇ ಪರದೆ ಬಿಚ್ಚಿದಳು. ಕೋಳಿ ಕಾಯುವ ಕೆಲಸ ನನಗೆ ಬಂತು, ಅಮ್ಮನ ಪೊರಕೆಯೂ ನನ್ನ ಕೈಗೇ ಬಂತು. ಕೆಲವು ದಿನಗಳ ಮೇಲೆ ಎಲೆಯ ಮರೆಯಲ್ಲಿ ಗೋಲಿಯಷ್ಟು ದೊಡ್ಡ ಕಾಯಿ ಕಂಡಾಗ ಅಕ್ಕ ಮತ್ತೆ ಹಾಡಿದಳು. ಅವತ್ತು ಯಾರೂ ಬೇಡ ಅನ್ನಲಿಲ್ಲ.

ಈಗ ನಿಮ್ಮ ಮನೆ ಹಾಸನದಲ್ಲಿ, ನಾಲ್ಕನೇ ಮಹಡಿಯಲ್ಲಿದೆ. ಬಾಲ್ಕನಿಯ ಕುಂಡದಲ್ಲಿ ಅದೇ ಬೀಜದ ಬದನೆ. ಅಷ್ಟು ಎತ್ತರಕ್ಕೆ ದುಂಬಿ ಬರುವುದಿಲ್ಲವೆಂದು ನೀವು ಹಲ್ಲುಜ್ಜುವ ಬ್ಯಾಟರಿ ಬ್ರಷ್ಷನ್ನು ಹೂವಿಗೆ ಮುಟ್ಟಿಸಿ ಪರಾಗ ಉದುರಿಸುತ್ತೀರಿ. ನಮಗೆ ಆ ಬುದ್ಧಿ ಇರಲಿಲ್ಲ, ಒಪ್ಪಿದೆ. ಆದರೆ ಮೊನ್ನೆ ಬೆಳಿಗ್ಗೆ ಕಪ್ಪು ದುಂಬಿಯೊಂದು ಹೇಗೋ ಹುಡುಕಿಕೊಂಡು ಬಂತಲ್ಲ, ಆಗ ನಿಮ್ಮಲ್ಲಿ ಚಿಕ್ಕವಳು ಬ್ರಷ್ಷನ್ನು ಆಫ್ ಮಾಡಿ ಪಕ್ಕಕ್ಕೆ ಸರಿದು ನಿಂತಳು. ದುಂಬಿ ಗುಂಯ್ ಎನ್ನುವಷ್ಟು ಹೊತ್ತೂ ಅವಳ ಅಂಗೈ ಹೂವಿನ ಕೆಳಗೆ ಚಾಚಿಕೊಂಡೇ ಇತ್ತು.