ಬೈದರೆ ಮಾತ್ರ ಉಣ್ಣುವ ಬೆಕ್ಕು

ಹೋದ ತಿಂಗಳು ತಿಳವಳ್ಳಿ ಸರ್ಕಲ್ಲಿನಲ್ಲಿ ಒಂದು ಬಿಳಿ ಕಾರು ಸುಮ್ಮಸುಮ್ಮನೆ ಮೂರು ಸುತ್ತು ಹೊಡೆದದ್ದನ್ನು ನಿಮ್ಮಲ್ಲಿ ಯಾರಾದರೂ ನೋಡಿದಿರಾ? ಕುಡಿದವರ ಗಾಡಿ ಅಂದುಕೊಂಡಿರಬೇಕು. ಅಲ್ಲ. ಸ್ಟೀರಿಂಗ್ ಹಿಡಿದಿದ್ದವರು ನನ್ನ ಗಂಡ. ವಕೀಲರು. ಹಿಂದಿನ ಸೀಟಿನಲ್ಲಿ ನಾನು, ಮಗಳು, ನಮ್ಮ ನಡುವೆ ಒಂದು ಗೋಣಿಚೀಲ. ಚೀಲದಲ್ಲಿ ಬೆಕ್ಕು.

ಬೆಳೆದ ಬೆಕ್ಕಿಗೆ ಊರು ಬದಲಿಸುವಾಗ ದಿಕ್ಕು ತಪ್ಪಿಸಬೇಕಂತೆ. ಇಲ್ಲದಿದ್ದರೆ ದಾರಿ ನೆನಪಿಟ್ಟುಕೊಂಡು ಹಳೇ ಮನೆಗೆ ಓಡುತ್ತದಂತೆ. ಇದು ನನ್ನ ಅತ್ತೆಯ ಆದೇಶ. ಬೆಕ್ಕಿಗೆ ದಿಕ್ಕು ತಪ್ಪಿತೋ ಇಲ್ಲವೋ ಗೊತ್ತಿಲ್ಲ, ನಮಗಂತೂ ತಪ್ಪಿತು. ನಮ್ಮೂರು ಹಾನಗಲ್ಲಿಗೆ ಹೊರಟವರು ಚಿಕ್ಕೇರೂರಿನ ಬೋರ್ಡು ಕಂಡ ಮೇಲೆ ಗಾಡಿ ತಿರುಗಿಸಿದೆವು. (ಮಗಳು ವಾಂತಿ ಮಾಡಿಕೊಂಡಳು. ಬೆಕ್ಕು ಆರಾಮಾಗಿ ನಿದ್ದೆ ಮಾಡುತ್ತಿತ್ತು.)

ನಮಗೆ ಬೆಕ್ಕು ಬೇಕಾದದ್ದು ಮುದ್ದಿಗಲ್ಲ, ಕೆಲಸಕ್ಕೆ. ತೀರಿಹೋದ ನಮ್ಮ ಮಾವನವರ ಪುಸ್ತಕದ ಕಪಾಟಿಗೆ ಇಲಿ ಹೊಕ್ಕಿದ್ದವು. ಅವರು ಶ್ಲೋಕಗಳಿಗೆ ಕೈಯಾರೆ ಅರ್ಥ ಬರೆದಿಟ್ಟ ನೋಟ್‌ಬುಕ್ಕುಗಳ ಅಂಚನ್ನು ದಿನಕ್ಕೊಂದಿಷ್ಟು ಕತ್ತರಿಸುತ್ತಿದ್ದವು. ಇಲಿ ಪಾಷಾಣ ಇಡೋಣವೆಂದರೆ ಅತ್ತೆ ಒಪ್ಪಲಿಲ್ಲ.

"ವಿಷಾ ಇಟ್ಟರ ಪಾಪ ನಮ್ಮದು. ಬೆಕ್ಕು ಹಿಡದರ ಅದರ ಊಟ ಅದು."

ಮರಿ ತರೋಣವೇ ಅಂದೆ. ಅದಕ್ಕೂ ಒಪ್ಪಲಿಲ್ಲ. "ಅದಕ್ಕ ಕಲಿಸಿಕೋತ ಕೂಡೋರು ಯಾರು? ಕೆಲಸಾ ಗೊತ್ತಿದ್ದದ್ದು ತರ್ರಿ."

ಹೀಗೆ ಅನುಭವಸ್ಥ ಅಭ್ಯರ್ಥಿಯ ಹುಡುಕಾಟ ಶುರುವಾಯಿತು. ಆಗ ಸಿಕ್ಕವಳೇ ಗಂಗವ್ವ. ತಿಳವಳ್ಳಿಯವಳು, ವರ್ಷವರ್ಷವೂ ನಮ್ಮ ಮನೆಗೆ ಅಕ್ಕಿ ಕೊಡುವವಳು. ಅವಳ ಬೆಕ್ಕಿಗೆ ನಾಲ್ಕು ವರ್ಷ. ಭತ್ತದ ಚೀಲಗಳ ಮೇಲೇ ಬೆಳೆದ ಗಂಡು ಬೆಕ್ಕು. ಮೊಮ್ಮಗನಿಗೆ ಉಬ್ಬಸ, ಮನೆಯಲ್ಲಿ ಬೆಕ್ಕು ಇರಕೂಡದು ಅಂತ ಡಾಕ್ಟರು ಹೇಳಿದ್ದರು. ಗಂಗವ್ವ ತಾನೇ ಬೆಕ್ಕನ್ನು ಚೀಲಕ್ಕೆ ಹಾಕಿದಳು, ತಾನೇ ಬಾಯಿ ಕಟ್ಟಿದಳು, ನನ್ನ ಕೈಗಿಟ್ಟು ಸೀದಾ ಒಳಗೆ ಹೋದಳು. ಚಹಾ ಕುಡಿದು ಹೋಗಿ ಅಂತಲೂ ಅನ್ನಲಿಲ್ಲ. ಆಗ ನನಗೆ ಸ್ವಲ್ಪ ಬೇಜಾರೇ ಆಯಿತು. (ನಾನು ಎಂಥ ದಡ್ಡಿ ಅಂತ ಆಮೇಲೆ ತಿಳಿಯಿತು.)

ಮನೆಗೆ ಬಂದ ಬೆಕ್ಕು ಕಪಾಟಿನ ಹಿಂದೆ ಹೊಕ್ಕಿತು. ಹೊಕ್ಕಿದ್ದೇ ಹೊಕ್ಕಿದ್ದು. ಎರಡು ದಿನ ಅನ್ನವಿಲ್ಲ, ನೀರಿಲ್ಲ. ಮಗಳು "ಬಿಸ್ಕಿಟ್, ಬಿಸ್ಕಿಟ್" ಅಂತ ಕರೆದಳು. ನನ್ನ ಗಂಡ ಕೋರ್ಟಿಗೆ ಹೊರಟ ಕೋಟಿನಲ್ಲೇ ನೆಲಕ್ಕೆ ಮಲಗಿ "ಪ್ಸ್ ಪ್ಸ್" ಅಂದರು. ಅತ್ತೆ ದೂರದಲ್ಲಿ ನಿಂತು ಬಹಳ ಪ್ರೀತಿಯಿಂದ "ಮುಕುಂದಾ, ಹಾಲು ಕುಡಿ ಬಾ ಕಂದಾ" ಅಂದರು. ಒಂದೇ ಬೆಕ್ಕಿಗೆ ಮೂರು ಹೆಸರು. ಯಾವುದಕ್ಕೂ ಅದು ಹೊರಗೆ ಬರಲಿಲ್ಲ. ನಮ್ಮಲ್ಲಿ ಏನು ಕಡಿಮೆಯಾಯಿತು ಅಂತಲೇ ತಿಳಿಯಲಿಲ್ಲ. ಹಾಲು ಗಟ್ಟಿಯಾಯಿತೇ? ಕಪಾಟಿನ ಹಿಂದೆ ಸತ್ತುಗಿತ್ತು ಹೋದರೆ ಗಂಗವ್ವನಿಗೆ ಏನು ಹೇಳುವುದು?

ಮೂರನೇ ದಿನ ಬೆಳಿಗ್ಗೆ ನಾನು ಅವಳಿಗೇ ಫೋನ್ ಹಚ್ಚಿದೆ.

"ಏನಂತ ಕರದ್ರಿ ಅಕ್ಕಾರ?"

"ಮುಕುಂದಾ ಅಂತ."

"ಹಂಗಂದ್ರ ಅದಕ್ಕೇನ್ ತಿಳೀಬೇಕ್ರಿ. ಫೋನ್ ಅದರ ಕಡೆ ಹಿಡೀರಿ."

ಸ್ಪೀಕರ್ ಹಾಕಿ ಕಪಾಟಿನ ಸಂದಿಗೆ ಹಿಡಿದೆ.

"ಬಾರಲೇ ಹಲ್ಕಟ್. ಎಲ್ಲಿ ಸತ್ತೀಯಲೇ? ಉಣ್ಣಾಕ ಬಾ."

ಮೊದಲು ಮೀಸೆ ಬಂತು, ಆಮೇಲೆ ಬೆಕ್ಕು. ಫೋನನ್ನು ಮೂಸಿತು, ಒಮ್ಮೆ ನೆಕ್ಕಿತು, ತಟ್ಟೆ ಖಾಲಿ ಮಾಡಿ ಮತ್ತೆ ಒಳಗೆ ಹೋಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಇದೇ ಪದ್ಧತಿ. ಗಂಗವ್ವ ಹೊಲಕ್ಕೆ ಹೋಗುವ ಮೊದಲು ಫೋನಿನಲ್ಲಿ ಬೈಯುವುದು, ನಮ್ಮ ಮನೆಯಲ್ಲಿ ಬೆಕ್ಕು ಉಣ್ಣುವುದು. ಆ ಹೊತ್ತಿಗೆ ಅತ್ತೆ ಮಡಿಯಲ್ಲಿ ಅಡುಗೆ ಮಾಡುತ್ತಿರುತ್ತಾರೆ, ಫೋನು ಮುಟ್ಟುವಂತಿಲ್ಲ. ಬೆಕ್ಕು ತಾಗಿದರೆ ಮತ್ತೆ ತಲೆಮೇಲೆ ನೀರು. ಹಾಗಾಗಿ ಶಿಗ್ಗಾವಿಯ ಕಾಲೇಜಿನ ಕೆಲಸಕ್ಕೆ ಬಸ್ಸು ಹಿಡಿಯಬೇಕಾದ ನಾನು ಫೋನ್ ಸ್ಟ್ಯಾಂಡ್ ಆಗಿ ನಿಲ್ಲುತ್ತಿದ್ದೆ.

ಒಂದು ದಿನ ನೆಟ್‌ವರ್ಕ್ ಸಿಗಲಿಲ್ಲ. ಬಸ್ಸಿನ ಹೊತ್ತಾಯಿತು, ನಾನು ಓಡಿದೆ. ಮುಂದಿನದು ಮಗಳು ಹೇಳಿದ್ದು. ಅಜ್ಜಿ ದೇವರ ಮನೆಯ ಬಾಗಿಲು ಮುಚ್ಚಿದರಂತೆ. ಅತ್ತಿತ್ತ ನೋಡಿ ಪಿಸುದನಿಯಲ್ಲಿ "ಬಾರಲೇ ಹಲ್ಕಟ್" ಅಂದರಂತೆ. ಬೆಕ್ಕು ಅಲುಗಲಿಲ್ಲ. ಎರಡನೇ ಸಲ ಗಂಟಲು ಬಿಟ್ಟು ಅಂದರಂತೆ. ಬೆಕ್ಕು ಬಂತು. ಪಕ್ಕದ ಮನೆಯ ಸವಣೂರಿನ ಸೊಸೆಯೂ ಬಂದಳು, ಯಾರಿಗೆ ಬೈದಿರಿ ಅಂತ ಕೇಳಲು.

ಅಲ್ಲಿಂದ ಮುಂದೆ ಬೆಕ್ಕು ಅತ್ತೆಯದಾಯಿತು. ಹೇಗೆ, ಯಾಕೆ, ನನಗೆ ಅರ್ಥವಾಗಿಲ್ಲ. ಅವರು ಅಡುಗೆಮನೆಯಲ್ಲಿದ್ದರೆ ಅದು ಹೊಸ್ತಿಲಲ್ಲಿ. ಕಪಾಟಿನಲ್ಲಿ ಈಗ ಇಲಿಯ ಸದ್ದಿಲ್ಲ. ಗಂಗವ್ವನ ಫೋನು ದಿನಾ ಇದ್ದದ್ದು ಎರಡು ದಿನಕ್ಕೊಮ್ಮೆಯಾಯಿತು, ಆಮೇಲೆ ವಾರವಾದರೂ ಬರಲಿಲ್ಲ.

ಮೊನ್ನೆ ಭಾನುವಾರ ಬಂತು.

"ಭತ್ತದ ನಾಟಿ ಇತ್ರಿ ಅಕ್ಕಾರ, ಫೋನ್ ಹಚ್ಚಾಕ ಆಗಲಿಲ್ಲ. ಹೆಂಗೈತ್ರಿ ಅದು? ಒಂದೀಟು ಫೋನ್ ಹಿಡೀರಿ."

ಹಿಡಿದೆ. "ಬಾರಲೇ ಹಲ್ಕಟ್. ನಾ ಕರಿಯಾಕತ್ತೇನಿ, ಬಾ."

ಬೆಕ್ಕು ಒಂದೇ ಮಾರು ದೂರದಲ್ಲಿ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು. ಕಿವಿ ಕೂಡ ಅಲುಗಿಸಲಿಲ್ಲ. ಗಂಗವ್ವ ಮತ್ತೊಮ್ಮೆ ಕರೆದಳು. ಈ ಸಲ ಬೈಗುಳ ಇರಲಿಲ್ಲ. "ಬಾರೋ ನನ್ನಪ್ಪಾ" ಅಂದಳು. ಬೆಕ್ಕು ಇನ್ನೊಂದು ಕಾಲು ಎತ್ತಿಕೊಂಡಿತು.

"ಬಂತೇನ್ರಿ?"

ಏನು ಹೇಳಲಿ? ತಿಂಗಳಲ್ಲೇ ನಿನ್ನನ್ನು ಮರೆಯಿತು ಅನ್ನಲೇ? ಚೀಲದ ಬಾಯಿ ಕಟ್ಟಿ ಅವಳು ಯಾಕೆ ಒಳಗೆ ಓಡಿದಳು ಅಂತ ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ಅಡುಗೆಮನೆಯಿಂದ ಅತ್ತೆ ಬಂದರು. ಉಟ್ಟದ್ದು ಮಡಿ ಸೀರೆ, ಕೈಯಲ್ಲಿ ಸಾರಿನ ಸೌಟು. ಫೋನಿಗೆ ತಾಗದಷ್ಟು ದೂರ ನಿಂತು ಗಟ್ಟಿಯಾಗಿ ಹೇಳಿದರು.

"ಬಂತು ನೋಡು ಗಂಗವ್ವ. ನಿನ್ನ ದನಿ ಕೇಳಿದ ಕೂಡಲೇ ಓಡಿ ಬಂತು. ಫೋನ್ ನೆಕ್ಕಲಿಕ್ಕೆ ಹತ್ತೇದ."

ಆ ಕಡೆ ಮೂಗು ಎಳೆದುಕೊಂಡ ಸದ್ದು. "ಹಲ್ಕಟ್ ಐತ್ರಿ ಬಾಯಾರ ಅದು" ಅಂತ ಅತ್ತೆಗೆ ಹೇಳಿ ಗಂಗವ್ವ ಫೋನಿಟ್ಟಳು.

ಅತ್ತೆ ಏನೂ ಆಗಿಲ್ಲವೆಂಬಂತೆ ಒಲೆಯ ಮುಂದೆ ಹೋಗಿ ನಿಂತರು. ನಾನು ಈ ಮನೆಗೆ ಬಂದು ಹದಿನೆಂಟು ವರ್ಷ. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಅದೂ ಮಡಿಯಲ್ಲಿ, ನೈವೇದ್ಯದ ಅಡುಗೆಯ ನಡುವೆ. ಬೆಕ್ಕಿನ ಬಾಲ ತಾಗಿದರೆ ಬಚ್ಚಲಿಗೆ ಓಡುವ ಅತ್ತೆ ಅಂದು ಮತ್ತೆ ಸ್ನಾನ ಮಾಡಲಿಲ್ಲ.

ನೀವೇ ಹೇಳಿ, ಮಾಡಬೇಕಿತ್ತೇ?