ಗಡಿಗೆಪ್ಪ ಹಿಡಿದ ವಿಮಾನ

ಮಾನ್ವಿ ಬಸ್ ನಿಲ್ದಾಣದ ಎದುರಿಗಿದ್ದ ಗಡಿಗೆಪ್ಪನ ಫೋಟೊ ಸ್ಟುಡಿಯೋದಲ್ಲಿ ಮಾತೆಲ್ಲ ಅವನ ಹೆಂಡತಿ ಶರಣಮ್ಮನದು. ಏಳನೆಯ ವಯಸ್ಸಿನಲ್ಲಿ ಬಂದ ಜ್ವರ ಅವನ ಎರಡೂ ಕಿವಿಗಳನ್ನು ಕಸಿದುಕೊಂಡಿತ್ತು. ಮಾತು ಉಳಿದಿತ್ತು. ಆದರೆ ತನ್ನ ದನಿ ತನಗೇ ಕೇಳದೆ ಏರುಪೇರಾಗಿ, ಜನ ನಗುತ್ತಿದ್ದುದರಿಂದ ಅವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ದೇವದುರ್ಗದಿಂದ ಮದುವೆಯಾಗಿ ಬಂದವಳು ಗಿರಾಕಿಗಳಿಗೆ "ಗದ್ದ ಎತ್ತರಿ, ಕಣ್ಣು ಪಿಳುಕಿಸಬ್ಯಾಡ್ರಿ" ಎನ್ನುವ ಕೆಲಸ ವಹಿಸಿಕೊಂಡಳು. ಅವಳು ಏನಂದರೂ ತುಟಿ ನೋಡಿಯೇ ಅವನಿಗೆ ತಿಳಿಯುತ್ತಿತ್ತು.

ಅವನಿಗೊಂದು ಹುಚ್ಚಿತ್ತು. ಹಳೆಯ ಪೇಪರುಗಳಲ್ಲಿ ವಿಮಾನದ ಚಿತ್ರ ಕಂಡರೆ ಕತ್ತರಿಸಿ ಡಾರ್ಕ್‌ರೂಮಿನ ಬಾಗಿಲ ಹಿಂದೆ ಅಂಟಿಸುತ್ತಿದ್ದ. ಹಾಗಾಗಿ ೧೯೮೩ರ ಚಳಿಗಾಲದಲ್ಲಿ, ಹೈದರಾಬಾದಿನ ಹತ್ತಿರ ವಿಮಾನಗಳ ಪ್ರದರ್ಶನವಿದೆ ಎಂದು ರಾಯಚೂರು ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಶರಣಮ್ಮನ ಅಣ್ಣ ಅಂಬಣ್ಣ ಸುದ್ದಿ ತಂದಾಗ, ಅವನು ಅಂದೇ ಕ್ಯಾಮೆರಾ ಒರೆಸಲು ಕೂತ.

"ಜೆಟ್ ವಿಮಾನಾನ ಈ ಡಬ್ಬಿಯೊಳಗ ಹಿಡ್ಯಾಕ ಆಗ್ತದೇನು?" ಅಂಬಣ್ಣ ತಂಗಿಯನ್ನು ಪಕ್ಕಕ್ಕೆ ಕರೆದು ಕೇಳಿದ. "ಕಿವಿ ಬ್ಯಾರೆ ಇಲ್ಲ. ಬರೂದ ಗೊತ್ತಾಗಂಗಿಲ್ಲ."

ಶರಣಮ್ಮನಿಗೂ ಅದೇ ಅಳುಕಿತ್ತು. ಆದರೂ ಬಿಟ್ಟುಕೊಡಲಿಲ್ಲ. "ನಾ ಇರ್ತೀನಲ್ಲಣ್ಣ. ನಾ ಕೇಳಿ ಹೇಳ್ತೀನಿ."

ರೈಲಿನಲ್ಲಿ ಗಂಡ ಹೆಂಡತಿ ಕರಾರು ಮಾಡಿಕೊಂಡರು. ಸದ್ದು ಕೇಳಿದ ಕೂಡಲೇ ಅವಳು ಅವನ ತೋಳು ಚಿವುಟಿ, ಸದ್ದು ಬಂದ ಕಡೆ ಬೆರಳು ತೋರಿಸಬೇಕು.

ಬಯಲಿನ ತುಂಬ ಜನ. ಗಡಿಗೆಪ್ಪನದು ಎದೆಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ, ಹನ್ನೆರಡೇ ಚಿತ್ರಗಳ ರೀಲು. ಮೊದಲ ವಿಮಾನ ಮೊರೆಯಿತು. ಶರಣಮ್ಮ ಚಿವುಟಿ ಬೆರಳು ತೋರಿದಳು, ಅವನು ಗುಂಡಿ ಒತ್ತಿದ. ಅಲ್ಲಿ ಬರೀ ಆಕಾಶವಿತ್ತು. ವಿಮಾನ ಆಗಲೇ ದೂರ ಎಡಕ್ಕೆ ಹೋಗಿಬಿಟ್ಟಿತ್ತು. ಎರಡನೆಯದೂ ಹಾಗೆಯೇ ಆಯಿತು. ಅವಳ ಕಣ್ಣು ತುಂಬಿ ಬಂತು.

ಗಡಿಗೆಪ್ಪ ತೋಳ ಮೇಲಿನ ಅವಳ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟ. ಬಗ್ಗಿ ನೋಡುವುದನ್ನು ಬಿಟ್ಟು, ಕ್ಯಾಮೆರಾದ ಮೇಲ್ಮುಚ್ಚಳದಲ್ಲಿ ನೇರ ನೋಡಲೆಂದು ಇದ್ದ ಖಾಲಿ ಚೌಕಟ್ಟನ್ನು ಕಣ್ಣಿಗೆ ಹಚ್ಚಿ, ದಿಗಂತವನ್ನು ದಿಟ್ಟಿಸುತ್ತ ನಿಂತ. ಅಲ್ಲೊಂದು ಚುಕ್ಕೆ ಕಾಣಿಸಿತು. ಅದು ಬೆಳೆಯುತ್ತ ಬಂದ ಹಾಗೆ ಸೊಂಟದಿಂದ ಮೇಲೆ ಇಡೀ ಮೈ ತಿರುಗಿಸುತ್ತ ಹೋಗಿ ಒತ್ತಿದ. ಸದ್ದು ಆಮೇಲೆ ಬಂತು. ಸುತ್ತಲಿನವರೆಲ್ಲ ಸದ್ದಿನ ಕಡೆ ಕತ್ತು ತಿರುಗಿಸಿ ವಿಮಾನ ಹುಡುಕುತ್ತಿದ್ದರು. ಅವನೊಬ್ಬ ವಿಮಾನವನ್ನೇ ನೋಡುತ್ತಿದ್ದ. ಇಷ್ಟು ದಿನ ತಾನು ಕನಿಕರಪಟ್ಟಿದ್ದು ಯಾವುದಕ್ಕೆ ಎಂದು ಶರಣಮ್ಮನಿಗೆ ನಾಚಿಕೆಯಾಯಿತು.

ಕೊನೆಗೆ ಒಂದು ವಿಮಾನ ತಲೆಗೆ ತಾಗುವಷ್ಟು ತಗ್ಗಿನಲ್ಲಿ ಹಾಯಿತು. ಶರಣಮ್ಮ ಕಿವಿ ಮುಚ್ಚಿ, ಕಣ್ಣು ಬಿಗಿದುಕೊಂಡಳು. ಕಣ್ಣು ಬಿಟ್ಟಾಗ ಗಡಿಗೆಪ್ಪ ಅಂಗೈಯನ್ನು ಎದೆಗೊತ್ತಿಕೊಂಡು ಅವಳನ್ನೇ ನೋಡುತ್ತಿದ್ದ.

"ಶರಣಾ, ಕೇಳ್ತು" ಎಂದ. ದನಿ ಒಡೆದು, ಜೋರಾಗಿ ಬಂತು. ಪಕ್ಕದವರು ತಿರುಗಿ ನೋಡಿದರು. "ಎದಿಯೊಳಗ ಕೇಳ್ತು."

"ಹೌದು, ನಂಗೂ ಅಲ್ಲೇ ಕೇಳ್ತು" ಎಂದಳು ಅವಳು.

ಮಾನ್ವಿಗೆ ಬಂದು ಫಿಲ್ಮ್ ತೊಳೆದರು. ಎರಡು ಬರಿದು, ನಾಲ್ಕು ಮಸುಕು. ಐದರಲ್ಲಿ ವಿಮಾನ, ಅದರ ರೆಕ್ಕೆಯ ಕೆಳಗಿನ ಗುರುತು ಸಹ ಕಾಣುವಷ್ಟು ನಿಚ್ಚಳ. ಹನ್ನೆರಡನೆಯದರಲ್ಲಿ ಕಿವಿ ಮುಚ್ಚಿ, ಕಣ್ಣು ಬಿಗಿದು, ಸೆರಗು ಹಾರಿಸಿಕೊಂಡು ನಿಂತ ಶರಣಮ್ಮ.

"ಇದನ್ಯಾಕ ತೆಗ್ದ್ರಿ? ಒಂದು ವಿಮಾನ ಕಡಿಮಿ ಆತಲ್ಲ" ಎಂದಳು. ಕೆಂಪು ದೀಪದಲ್ಲಿ ಅವನು ನಕ್ಕು ಫೋಟೊ ಕಾಗದವನ್ನು ಇನ್ನೊಂದು ದ್ರಾವಣದ ತಟ್ಟೆಗೆ ಹಾಕಿದ.

ವಿಮಾನದ ಚಿತ್ರ ಅಂಗಡಿಯ ಗಾಜಿನ ಹಿಂದೆ ನಿಂತಿತು. ಅಂಬಣ್ಣ ಬಂದವನು ಬಹಳ ಹೊತ್ತು ನೋಡಿ, ತಂಗಿಯ ಗಂಡನ ಹೆಗಲು ತಟ್ಟಿದ. ಕವಿತಾಳದಿಂದ, ಬಾಗಲವಾಡದಿಂದ ಶಾಲೆಯವರು ಓಟದ ಪಂದ್ಯಕ್ಕೆ ಫೋಟೊ ತೆಗೆಯಲು ಗಡಿಗೆಪ್ಪನನ್ನೇ ಕರೆಯತೊಡಗಿದರು. ಶರಣಮ್ಮ ಜೊತೆಗೆ ಹೋಗಿ, ಬೇವಿನ ನೆರಳಲ್ಲಿ ಬುತ್ತಿ ಇಟ್ಟುಕೊಂಡು ಕೂತಿರುತ್ತಿದ್ದಳು. ಊಟಕ್ಕೆ ಬಂದವನು ಒಂದೊಂದು ದಿನ, ಯಾರಿದ್ದಾರೆಂದು ನೋಡದೆ, "ಖಾರ ಭಾಳ ಆಗ್ಯಾದ" ಎನ್ನುತ್ತಿದ್ದ.