ಬೀಬಿಯ ತುರಿಮಣೆಗೆ ಹಲ್ಲು ಹುಡುಕಿಕೊಂಡು

ರಜೆಗೆ ಊರಿಗೆ ಹೊರಟಾಗ ಮಸ್ಕತ್ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ಪಕ್ಕಕ್ಕೆಳೆದು ಬಿಚ್ಚಿಸಿದರು. ಖರ್ಜೂರ, ಹಲ್ವಾ ಡಬ್ಬಿ, ಅಕ್ಕನಿಗೆಂದು ಕೊಂಡ ಹಿಡಿಯಿಲ್ಲದ ಆರು ಪುಟ್ಟ ಕಾಫಿ ಬಟ್ಟಲು. ಎಲ್ಲದರ ಅಡಿಯಲ್ಲಿ, ಬಟ್ಟೆ ಸುತ್ತಿದ ಒಂದು ಗೇಣುದ್ದದ ಕಬ್ಬಿಣದ ನಾಲಿಗೆ, ತುದಿಯಲ್ಲಿ ಹಲ್ಲು. ಅಧಿಕಾರಿ ಅದನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ನಾನು ಎರಡೂ ಕೈಯಲ್ಲಿ ಇಲ್ಲದ ತೆಂಗಿನ ಹೋಳೊಂದನ್ನು ಹಿಡಿದು ಗಾಳಿಯಲ್ಲಿ ತಿರುಗಿಸಿ ತೋರಿಸಿದೆ. ಅವನು ನಕ್ಕು, ನಮ್ಮಜ್ಜಿಯ ಹತ್ತಿರವೂ ಇತ್ತು ಎಂದು ಹೇಳಿ ವಾಪಸ್ ಇಟ್ಟ.

ಆ ನಾಲಿಗೆ ಬೀಬಿಯದು. ಮಸ್ಕತ್ ಪಕ್ಕದ ಸೀಬ್ ಎಂಬ ಊರಿನಲ್ಲಿ, ಗೇಟು ಕಿಟಕಿ ಮಾಡುವ ವರ್ಕ್‌ಶಾಪಿನಲ್ಲಿ ನಾನು ಒಂಬತ್ತು ವರ್ಷದಿಂದ ಇದ್ದೇನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನನ್ನ ಬೆಸುಗೆಯನ್ನು ಯಾರೂ ಎರಡನೇ ಸಲ ಮಾಡಿಸಿದ್ದಿಲ್ಲ. ಬೀಬಿ ನಾನಿರುವ ಕೋಣೆಯ ಮನೆಯೊಡತಿ. ವಯಸ್ಸು ಎಂಬತ್ತರ ಹತ್ತಿರ. ಹುಟ್ಟಿದ್ದು ದೂರದ ಜಾಂಜಿಬಾರ್ ದ್ವೀಪದಲ್ಲಿ, ಅಲ್ಲಿನ ಮಾತಿನಲ್ಲಿ ಬೀಬಿ ಎಂದರೆ ಅಜ್ಜಿ.

ಆಕೆಯ ಅಡುಗೆಮನೆ ಮೊದಲ ಸಲ ನೋಡಿದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಖರ್ಜೂರದ ಗರಿಯಲ್ಲಿ ಹೆಣೆದ ತಟ್ಟೆ ಮುಚ್ಚಳಗಳು, ಗಾಳಿಗೆ ತೂಗುಹಾಕಿದ ಮಣ್ಣಿನ ನೀರಿನ ಹೂಜಿ, ಮೂಲೆಯಲ್ಲಿ ಒಂದು ತುರಿಮಣೆ! ನಮ್ಮದು ನೆಲಕ್ಕೆ ಅಂಟಿದ ಹಲಗೆ. ಬೀಬಿಯದು ಪುರಾಣ ಓದುವ ವ್ಯಾಸಪೀಠದ ಹಾಗೆ ಮಡಚಿ ಬಿಚ್ಚುವ ಪುಟ್ಟ ಪೀಠ. ಮೇಲೆ ಕೂತರೆ ಹಲ್ಲಿನ ನಾಲಿಗೆ ಮುಂದೆ ಚಾಚಿಕೊಳ್ಳುತ್ತದೆ. ಮರದ ಅಂಚಿಗೆಲ್ಲ ಹೂಬಳ್ಳಿ ಕೆತ್ತನೆ. ಶುಕ್ರವಾರ ಶುಕ್ರವಾರ ಬೀಬಿ ಅದರ ಮೇಲೆ ಕೂತು ಕಾಯಿ ತುರಿದು, ಕಾಯಿಹಾಲಿನ ಅನ್ನ ಮಾಡಿ ನನಗೂ ಒಂದು ತಟ್ಟೆ ಕಳಿಸುತ್ತಿದ್ದರು.

ಹಲ್ಲು ಮೊಂಡಾಗಿದೆ ಎಂದು ಅವರು ಹೇಳಿದ ದಿನ, "ಐದು ನಿಮಿಷ ಕೊಡಿ" ಎಂದು ನಾಲಿಗೆ ಬಿಚ್ಚಿಕೊಂಡು ಹೋಗಿ ಗ್ರೈಂಡರಿಗೆ ಕೊಟ್ಟೆ. ಕಬ್ಬಿಣ ಕಾದು ನೀಲಿಗೆ ತಿರುಗಿತು. ಹದ ಹೋಯಿತೆಂದು ಕೈಗೆ ಗೊತ್ತಾಗಿತ್ತು, ಆದರೂ ಹೊಳಪು ಬರಿಸಿ ತಂದುಕೊಟ್ಟೆ. ಎರಡನೇ ಕಾಯಿಗೆ ಹಲ್ಲುಗಳೆಲ್ಲ ಮಗುಚಿಕೊಂಡವು. ಬೀಬಿ ಪೀಠವನ್ನು ಮಡಚಿ ಮೂಲೆಗಿಟ್ಟರು. ಅವರ ಮಗ ಕಾಯಿಪುಡಿಯ ಪ್ಯಾಕೆಟ್ ತಂದ. ಅಲ್ಲಿಂದ ಶುಕ್ರವಾರದ ಅನ್ನವೇ ನಿಂತಿತು. "ನಾನು ತುಮಕೂರು ಕಡೆಯವನು, ತೆಂಗಿನ ಸೀಮೆ. ರಜೆಗೆ ಹೋದಾಗ ಇದಕ್ಕಿಂತ ಒಳ್ಳೇದು ಮಾಡಿಸಿ ತರುತ್ತೇನೆ" ಎಂದು ಮಾತು ಕೊಟ್ಟೆ.

ಬೆಂಗಳೂರಿಂದ ಬಸ್ಸು ಹಿಡಿದು ತುಮಕೂರಿಗೆ ಬಂದಿಳಿದಾಗ ಬೆಳಿಗ್ಗೆ ಎಂಟು. ಮೋಡ ಕವಿದ ತಣ್ಣನೆ ಹವೆ. ನನ್ನಕ್ಕ ಜಯಕ್ಕ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು. ಮೊದಲು ತಟ್ಟೆ ಇಡ್ಲಿ. ಮಲ್ಲಿಗೆ ಹೂವಿನಷ್ಟು ಮೆತ್ತಗೆ, ಅಂಗೈ ಅಗಲ, ಮೇಲೆ ಬೆಣ್ಣೆ. ಇಡ್ಲಿ ಬೇಯಿಸುವ ತಟ್ಟೆಗಳ ಅಟ್ಟಣೆಯನ್ನು ಒಂಬತ್ತು ವರ್ಷದ ನಂತರ ಹೊಸದಾಗಿ ನೋಡಿದೆ. ಒಂದರ ಮೇಲೊಂದು ಕೂರಿಸಿದರೂ ಪ್ರತಿ ತಟ್ಟೆಗೂ ಹಬೆ ಹೋಗಲು ದಾರಿ. ಯಾವ ಎಂಜಿನಿಯರ್ ಬರೆದ ನಕ್ಷೆಯೋ ಏನೋ!

"ಏನ್ಲಾ ಸಿದ್ದ, ಇಡ್ಲಿ ತಿಂತೀಯೋ ತಟ್ಟೆ ತಿಂತೀಯೋ?" ಎಂದಳು ಜಯಕ್ಕ.

ಪಾತ್ರೆ ಅಂಗಡಿಗಳನ್ನು ಸುತ್ತಿದೆವು. ಎಲ್ಲ ಕಡೆ ಅಚ್ಚು ಹೊಡೆದ ಸ್ಟೀಲಿನ ತುರಿಮಣೆಗಳು, ಕೆಳಗೆ ರಬ್ಬರು. ಮಧ್ಯಾಹ್ನ ಅಂತರಸನಹಳ್ಳಿಯ ಕಾರ್ಖಾನೆಗಳ ಕಡೆ ಹೋದೆ. ನಾನು ಕೆಲಸ ಕಲಿತ ಜಾಗ ಅದು. ಆಗ ಜೊತೆಗಿದ್ದ ಗೆಳೆಯ ಈಗ ಲೋಹ ಕತ್ತರಿಸುವ ಲೇಸರ್ ಮಿಷನ್ ಇಟ್ಟಿದ್ದಾನೆ. ಹಳೆಯ ನಾಲಿಗೆಯನ್ನು ಅಳೆದು, ಕಂಪ್ಯೂಟರಿನಲ್ಲಿ ಬರೆದು, ಟೀ ಆರುವುದರೊಳಗೆ ಹೊಸದು ಕೊಟ್ಟ. ಕನ್ನಡಿಯ ಹಾಗಿತ್ತು. ಕೆಲಸ ಮುಗಿಯಿತೆಂದು ಬೀಗುತ್ತ ಮನೆಗೆ ತಂದೆ. ಜಯಕ್ಕ ಅದನ್ನು ಮಣೆಗೆ ಸಿಕ್ಕಿಸಿ ಒಂದು ಹೋಳು ತುರಿದು ತಟ್ಟೆ ಮುಂದೆ ತಳ್ಳಿದಳು. ತುರಿಯಲ್ಲ, ಚೂರು ಚೂರು.

"ಇದು ತುರಿಯಲ್ಲ ಕಣೋ, ಕಿತ್ತಾಕ್ತದೆ. ನಾಳೆ ಕಡಬಕ್ಕೆ ಹೋಗನ ನಡಿ. ದೊಡ್ಡಮ್ಮನ ತುರಿಮಣೆ ನೋಡೀವಂತೆ."

ಮರುದಿನ ಗುಬ್ಬಿ ಬಸ್ಸು. ಇಪ್ಪತ್ತು ಕಿಲೋಮೀಟರಿಗೆ ನನಗೆ ಮೂವತ್ತು ಚಿಲ್ಲರೆ ರೂಪಾಯಿ ಟಿಕೆಟ್ಟು, ಜಯಕ್ಕನಿಗೆ ಬರೀ ಆಧಾರ್ ಕಾರ್ಡು. "ಫಾರಿನ್ ಸಾಹುಕಾರ್ರಿಗೆ ಟಿಕೆಟ್ಟು, ನಮ್ಮಂತೋರ್ಗೆ ಫ್ರೀ" ಎಂದು ಕಂಡಕ್ಟರಿಗೆ ಕೇಳುವ ಹಾಗೆ ಹೇಳಿದಳು. ಗುಬ್ಬಿ ಪೇಟೆಯಲ್ಲಿ ಬಿದಿರಿನ ಮೊರ ಹೆಣೆಯುತ್ತಿದ್ದ ಹೆಂಗಸಿನ ಮುಂದೆ ನಾನು ಅರ್ಧ ಗಂಟೆ ಕೂತೆ. ಅಂಚಿನಲ್ಲಿ ಎರಡೇ ಎರಡು ಎಳೆ ಕೆಂಪು ಬಣ್ಣದವು.

"ಎರಡೇ ಯಾಕಮ್ಮ?"

"ಜಾಸ್ತಿ ಆದ್ರೆ ಗೋಡೆಗೆ ನೇತಾಕ್ತಾರೆ ಕಣಣ್ಣ. ಕೇರಕ್ಕಲ್ವಾ ಮಾಡಿರೋದು?"

ಆ ಮೊರ ಕೊಂಡೆ. ಅದೀಗ ಸೀಬ್‌ನಲ್ಲಿ ಬೀಬಿಯ ಅಕ್ಕಿ ಕೇರುತ್ತಿದೆ.

ಗುಬ್ಬಿಯಿಂದ ಇನ್ನೊಂದು ಬಸ್ಸಿನಲ್ಲಿ ಕಡಬಕ್ಕೆ ಹೋದರೆ ಅಲ್ಲಿನ ಕೆರೆ ತುಂಬಿತ್ತು. ಏರಿಯ ಮೇಲೆ ನಿಂತರೆ ಕಣ್ಣು ಹಾಯುವಷ್ಟು ದೂರ ತೆಂಗಿನ ತಲೆಗಳೇ. ದೊಡ್ಡಮ್ಮ ನಮಗಾಗಿ ಒತ್ತುಶಾವಿಗೆ ಮಾಡಿದ್ದರು. ಮರದ ಒರಳಿಗೆ ಬಿಸಿ ಹಿಟ್ಟು ತುಂಬಿ, ಅದನ್ನು ಒತ್ತುವ ಉದ್ದ ಸನ್ನೆಕೋಲಿನ ಮೇಲೆ ಜಯಕ್ಕ ಕೂತು ತನ್ನ ಭಾರವನ್ನೆಲ್ಲ ಬಿಟ್ಟಳು. ಕೆಳಗೆ ಬಿಳಿ ಎಳೆಗಳು ಸುರುಳಿ ಸುರುಳಿಯಾಗಿ ಇಳಿದವು. ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲಿನಲ್ಲಿ ಅದನ್ನು ಕಲಸಿ ಮೂರು ಸಲ ಹಾಕಿಸಿಕೊಂಡೆ. ಬೀಬಿಯ ಕೈ ನೆನಪಾಯಿತು. ಸಮುದ್ರದ ಆಚೆ ದಡ, ಈಚೆ ದಡ, ಹಾಲು ಹಿಂಡುವ ರೀತಿ ಒಂದೇ.

ದೊಡ್ಡಮ್ಮ ಮಾತಾಡುತ್ತಲೇ ಏಳು ಕಾಯಿ ತುರಿದಿದ್ದರು. ತುರಿ ಹಿಮದ ಹಾಗೆ ಉದುರಿತ್ತು. ತುರಿಮಣೆಯನ್ನು ತಿರುಗಿಸಿ ನೋಡಿದೆ.

"ಎಲ್ಲಿ ಮಾಡ್ಸಿದ್ದು ದೊಡ್ಡಮ್ಮ?"

"ಕುಣಿಗಲ್ ಆಚಾರ್ರು. ಹೋಗು. ಆದ್ರೆ ಆವಯ್ಯ ಬೈತಾರೆ, ಬೈಸ್ಕೋ."

ಮೂರನೇ ದಿನ ಹೆಬ್ಬೂರು ದಾಟಿ ಕುಣಿಗಲ್ಲಿಗೆ ಹೋದೆ. ರಾಗಿ ಹೊಲ, ಹಾಲಿನ ಕ್ಯಾನು ಹೊತ್ತ ಬೈಕುಗಳು, ಮತ್ತೆ ರಾಗಿ ಹೊಲ. ಜಯಕ್ಕ ಬರಲಿಲ್ಲ, ಬೈಗುಳ ತಿನ್ನುವುದಕ್ಕೆ ಇಬ್ಬರು ಬೇಡ ಎಂದಳು. ಆಚಾರ್ರ ಕುಲುಮೆ ಪೇಟೆಯ ಹಿಂದಿನ ಬೀದಿಯಲ್ಲಿತ್ತು. ಎಪ್ಪತ್ತು ದಾಟಿದ ಸಣ್ಣ ಆಳು, ತೋಳು ಮಾತ್ರ ಹುಣಸೆ ಕೊಂಬೆ. ಗೋಡೆಗೆ ಮಚ್ಚು, ಕುಡುಗೋಲು, ಈಳಿಗೆ ಸಾಲಾಗಿ ತೂಗುತ್ತಿದ್ದವು. ಒಂದೊಂದರ ಹಿಡಿಯೂ ಬೇರೆ ಬೇರೆ, ಒಂದೊಂದೂ ಯಾರದೋ ಕೈಯ ಅಳತೆ. ನಾನು ಬೀಬಿಯ ನಾಲಿಗೆಯನ್ನೂ ನನ್ನ ನಕ್ಷೆಯನ್ನೂ ಮುಂದಿಟ್ಟೆ. ಮಿಲಿಮೀಟರ್ ಲೆಕ್ಕದಲ್ಲಿ ನಾನೇ ಬರೆದ ನಕ್ಷೆ. ಅವರು ಅದನ್ನು ನೋಡಲೇ ಇಲ್ಲ. ನಾಲಿಗೆಯ ಮೇಲೆ ಹೆಬ್ಬೆರಳು ಸವರಿದರು.

"ಯಾವನಯ್ಯ ಇದನ್ನ ಸುಟ್ಟೋನು?"

"ನಾನೇ ಆಚಾರ್ರೆ."

"ಏನ್ ಕೆಲ್ಸ ನಿಂದು?"

"ಕಬ್ಬಿಣದ್ದೇ."

ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು. "ಐವತ್ತು ವರ್ಷ ಒಬ್ರೇ ತುರ್ದಿರೋ ಹಲ್ಲು ಇದು. ಅವ್ರ ಕೈ ಯಾವ ಕಡೆ ವಾಲ್ತದೆ, ಎಲ್ಲಿ ಒತ್ತುತಾರೆ, ಎಲ್ಲಾ ಸವೆತದಲ್ಲಿ ಬರ್ದಿತ್ತು. ನೀನು ಉಜ್ಜಿ ಅಳ್ಸಾಕ್ಬುಟ್ಟಿದೀಯ. ಈಗ ನಾನೇನ್ ನೋಡ್ಕೊಂಡ್ ಮಾಡ್ಲಿ?"

ನನ್ನ ಕೆಲಸಕ್ಕೆ ಯಾರೂ ಹಾಗೆ ಅಂದದ್ದಿಲ್ಲ. ಎದ್ದು ಹೋಗೋಣ ಅನ್ನಿಸಿತು. ಆದರೆ ಕಾಯಿಪುಡಿಯ ಪ್ಯಾಕೆಟ್ ಒಡೆಯುತ್ತಿದ್ದ ಬೀಬಿಯ ಮುಖ ಕಣ್ಣ ಮುಂದಿತ್ತು. ಕೂತೆ.

"ಅವ್ರು ಎಡಗೈಯೋ ಬಲಗೈಯೋ?"

ಗೊತ್ತಿರಲಿಲ್ಲ. ಒಂಬತ್ತು ವರ್ಷ ಅವರ ಕೈಯ ಅನ್ನ ತಿಂದಿದ್ದೆ, ಕೆತ್ತನೆಯ ಬಳ್ಳಿ ಎಣಿಸಿದ್ದೆ, ಕೈ ನೋಡಿರಲಿಲ್ಲ. ಬೀಬಿಯ ಮೊಮ್ಮಗಳಿಗೆ ಮೆಸೇಜ್ ಹಾಕಿದೆ. ಕುಲುಮೆಯ ಕಟ್ಟೆಯ ಮೇಲೆ ಕೂತು ಆಚಾರ್ರು ಕೊಟ್ಟ ರಾಗಿ ಅಂಬಲಿ ಕುಡಿಯುವ ಹೊತ್ತಿಗೆ ವಿಡಿಯೊ ಬಂತು. ನಾಲಿಗೆಯಿಲ್ಲದ ಪೀಠದ ಮೇಲೆ ಬೀಬಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ. ಕೈಯಲ್ಲಿ ಅರ್ಧ ಕಾಯಿ. ಹಲ್ಲು ಇರಬೇಕಾದ ಜಾಗದಲ್ಲಿ ಬರೀ ಗಾಳಿ. ಗಾಳಿಗೇ ಒತ್ತಿ, ತಿರುಗಿಸಿ, ಒತ್ತಿ, ತಿರುಗಿಸಿ ತುರಿಯುತ್ತಿದ್ದಾರೆ.

ಆಚಾರ್ರು ಕನ್ನಡಕ ಹಾಕಿಕೊಂಡು ನಾಲ್ಕು ಸಲ ನೋಡಿದರು. ಐದನೇ ಸಲ ತಾವೂ ಒಂದು ಕರಟ ಎತ್ತಿಕೊಂಡು ಜೊತೆಗೆ ತಿರುಗಿಸಿದರು.

"ಎಡಗೈ. ಬಾಗಲ್ಲ ಈವಮ್ಮ. ನಿನ್ ಅಳತೇಲಿ ಮಾಡಿದ್ರೆ ಮಣಿಕಟ್ಟು ಬಿದ್ದೋಗ್ತದೆ." ನನ್ನ ನಕ್ಷೆಯನ್ನು ಮಡಚಿ ಬೆಂಕಿ ಹೊತ್ತಿಸಲು ಬಳಸಿದರು. ಹಳೇ ಲಾರಿಯ ಕಮಾನು ಪಟ್ಟಿಯ ಒಂದು ತುಂಡು ಕಾಯಿಸಿ, "ಹಿಡಿ. ಕಬ್ಬಿಣದೋನು ಅಂದ್ಯಲ್ಲ, ಸುತ್ತಿಗೆ ಹಿಡಿ" ಎಂದರು.

ಸಂಜೆಯವರೆಗೆ ನಾನು ಬಡಿದೆ, ಅವರು ತಿರುಗಿಸಿದರು. ನಾಲಿಗೆಯನ್ನು ಬೆರಳಗಲ ಮೇಲಕ್ಕೆ ಬಾಗಿಸಿ, ಹಲ್ಲುಗಳನ್ನು ಒಂದು ಕೂದಲಿನಷ್ಟು ಎಡಕ್ಕೆ ಓರೆ ಮಾಡಿದರು. ಹಲ್ಲೊಂದೊಂದನ್ನೂ ಅರದಲ್ಲಿ ಅವರೇ ಉಜ್ಜಿದರು, ನನ್ನ ಕೈಗೆ ಕೊಡಲಿಲ್ಲ. ಇಷ್ಟು ವರ್ಷ ಕಬ್ಬಿಣದ ಜೊತೆ ಇದ್ದೂ, ಒಂದು ತುಂಡು ಕಬ್ಬಿಣ ಒಬ್ಬರೇ ಒಬ್ಬರ ಕೈಗಾಗಿ ಅಷ್ಟು ನಿಧಾನಕ್ಕೆ ಒಲಿಯುವುದನ್ನು ಕಂಡದ್ದು ಅವತ್ತೇ. ಹೊರಟಾಗ ಹೇಳಿದರು: "ತುರಿದ ಮೇಲೆ ಕರಟದ ಫೋಟೊ ಕಳ್ಸು. ಕರಟದಲ್ಲಿ ಬಿಳಿ ಉಳಿದ್ರೆ ತಪ್ಪು ನಂದು."

ರಜೆ ಮುಗಿಸಿ ಸೀಬ್‌ಗೆ ಮರಳಿದ್ದು ಒಂದು ಗುರುವಾರ. ನಾಲಿಗೆಯನ್ನು ಪೀಠಕ್ಕೆ ನಾನೇ ಕೂರಿಸಿದೆ. ಶುಕ್ರವಾರ ಬೆಳಿಗ್ಗೆ ಬೀಬಿ ಕೂತರು. ಎಡಗೈ ಮುಂದೆ ಬಂತು. ಮೊದಲ ಸುತ್ತಿಗೆ ನಿಲ್ಲಿಸಿ, ನಾಲಿಗೆಯನ್ನು ಮುಟ್ಟಿ ನೋಡಿ, ತಮ್ಮ ಅರೆಬರೆ ಹಿಂದಿಯಲ್ಲಿ ಕೇಳಿದರು: "ಇದನ್ನು ಮಾಡಿದವರಿಗೆ ನಾನು ಹೇಗೆ ಗೊತ್ತು?"

ಉತ್ತರಕ್ಕೂ ಕಾಯದೆ ಎರಡನೇ ಹೋಳು ಎತ್ತಿಕೊಂಡರು. ಮಧ್ಯಾಹ್ನ ಅನ್ನದ ತಟ್ಟೆ ನನ್ನ ಕೋಣೆಗೆ ಬಂತು.

ಕರಟದ ಫೋಟೊ ಕುಣಿಗಲ್ಲಿಗೆ ಕಳಿಸಿದೆ. ನನ್ನ ಕಣ್ಣಿಗೆ ಅದು ತೊಳೆದಿಟ್ಟ ಹಾಗಿತ್ತು. ಊಟ ಮುಗಿಯುವಷ್ಟರಲ್ಲಿ ಮೊಬೈಲಿಗೆ ಆಚಾರ್ರ ಧ್ವನಿ ಬಂತು, ಹಿಂದೆ ಕುಲುಮೆಯ ಸದ್ದು.

"ಎಡಗಡೆ ಅಂಚಲ್ಲಿ ಒಂದ್ ಗೆರೆ ಬಿಳಿ ಉಳ್ಕೊಂಡದೆ ನೋಡು. ಮೂರನೇ ಹಲ್ಲು. ಅದು ನಂದೇ ತಪ್ಪು. ಈವಮ್ಮನ ಕೈಯೇ ಸವೆಸ್ಕೊಂಡು ಸರಿ ಮಾಡ್ತದೆ ಬುಡು. ನೀನು ಮಾತ್ರ ಮುಟ್ಬೇಡ!"